ಭಾರಜಲ ರಿಯಾಕ್ಟರಿನ ಕೊಳವೆಗಳನ್ನು ಒಳಗಿನಿಂದ ತೊಳೆದ ನನ್ನ ಅನುಭವ

ಕಲ್ಪಾಕ್ಕಂನ 220 ಮೆಗಾವ್ಯಾಟ್ ಅಣುವಿದ್ಯುತ್ ಘಟಕದ ರಸಾಯನ ವಿಭಾಗದಲ್ಲಿದ್ದಾಗ ನನಗೆ ವಹಿಸಿದ ಕೆಲಸಗಳಲ್ಲಿ ಹೆಚ್ಚು ಎಚ್ಚರವನ್ನು ಬೇಡಿದ್ದು, ಶಾಖವಾಹಕ ಕೊಳವೆಗಳ ಒಳಮೈಗೆ ಕಚ್ಚಿಕೊಂಡ ಮ್ಯಾಗ್ನಟೈಟ್ (ಕಬ್ಬಿಣದ ಕಪ್ಪು ಆಕ್ಸೈಡ್) ಪದರವನ್ನು ಕರಗಿಸಿ ತೆಗೆಯುವ ಕೆಲಸ. ರಿಯಾಕ್ಟರಿನಲ್ಲಿ ಇಂಧನವಿರುವ 306 ನಾಳಗಳ ಎರಡೂ ತುದಿಗಳಿಗೆ ಸೇರಿ, ಭಾರಜಲವನ್ನು (ಭಾರವಾದ ಹೈಡ್ರೋಜನ್ ಇರುವ ನೀರನ್ನು) ತಂದು ಒಯ್ಯುವ 612 ಫೀಡರ್ ಕೊಳವೆಗಳಿದ್ದು, ಅವೆಲ್ಲ ಕಾರ್ಬನ್ ಸ್ಟೀಲಿನವು. ಆ ಕಪ್ಪು ಪದರ ಉಕ್ಕನ್ನು ಕಾಯುತ್ತದೆ, ನಿಜ, ಆದರೆ 5.27 ವರ್ಷ ಅರ್ಧಾಯುವಿನ ಕೋಬಾಲ್ಟ್-60 ಅದರೊಳಗೆ ಸೇರಿಕೊಂಡು, ದುರಸ್ತಿಗೆ ಹೋಗುವವರ ವಿಕಿರಣದ ಪ್ರಮಾಣವನ್ನು ಏರಿಸುತ್ತದೆ.

ಇಂಧನವನ್ನು ಹೊರತೆಗೆಯದೆ, ಭಾರಜಲವನ್ನೂ ಖಾಲಿ ಮಾಡದೆ ಇದನ್ನು ಮಾಡಬೇಕಾದುದರಿಂದ ಗಾಢ ಆಮ್ಲಗಳ ಮಾತೇ ಇಲ್ಲ. ಮೊದಲು ನೀರನ್ನು ಕ್ಷಾರೀಯವಾಗಿಡುವ ಲಿಥಿಯಂ ಅನ್ನು ತೆಗೆದು, ಪಂಪುಗಳನ್ನು ಓಡಿಸುತ್ತಲೇ ಸುಮಾರು 90 ಡಿಗ್ರಿ ಬಿಸಿಯಲ್ಲಿ ನೈಟ್ರಿಲೊಟ್ರೈಅಸಿಟಿಕ್ ಆಮ್ಲ, ಸಿಟ್ರಿಕ್ ಆಮ್ಲ ಮತ್ತು ಆಸ್ಕಾರ್ಬಿಕ್ ಆಮ್ಲಗಳನ್ನು ಅತ್ಯಲ್ಪ ಪ್ರಮಾಣದಲ್ಲಿ ಸೇರಿಸಿದೆವು. ನಿಂಬೆಯ ಹುಳಿ, ವಿಟಮಿನ್ ಸಿ ಇವೇ ರಿಯಾಕ್ಟರಿಗೂ ಔಷಧಿ ಎಂದರೆ ಹೊಸಬರು ನಗುತ್ತಿದ್ದರು. ಕರಗಿದ ಕಬ್ಬಿಣ ಮತ್ತು ಕೋಬಾಲ್ಟನ್ನು ಕ್ಯಾಟಯಾನ್ ರೆಸಿನ್ (ಧನ ಅಯಾನುಗಳನ್ನು ಸೆಳೆಯುವ ರಾಳದ ಮಣಿಗಳು) ಹಿಡಿದಿಟ್ಟುಕೊಂಡು ಆಮ್ಲವನ್ನು ಮತ್ತೆ ಬಿಡುಗಡೆ ಮಾಡುವುದರಿಂದ ಅದೇ ದ್ರಾವಣ ಸುತ್ತುಸುತ್ತಿಗೂ ಕೆಲಸಕ್ಕೆ ಬರುತ್ತದೆ. ಸಾಮಾನ್ಯ ನೀರಿನಲ್ಲಿ ನೆನೆದ ರೆಸಿನ್ ಬಳಸಿದರೆ ದುಬಾರಿ ಭಾರಜಲದ ಶುದ್ಧತೆ ಇಳಿಯುತ್ತದೆಯಾದ್ದರಿಂದ, ಅದನ್ನು ಮುಂಚಿತವಾಗಿಯೇ ಭಾರಜಲದಿಂದ ತೊಳೆದು ಸಿದ್ಧಪಡಿಸಿದ್ದೆವು.

ನನ್ನ ದೃಷ್ಟಿಯಲ್ಲಿ ಪದರವನ್ನು ಕರಗಿಸುವುದಕ್ಕಿಂತ, ಕರಗಿದ್ದು ಇನ್ನೊಂದೆಡೆ ಕೂರದಂತೆ ನೋಡಿಕೊಳ್ಳುವುದೇ ಕಠಿಣ. ಇದಕ್ಕೆ ಮುಖ್ಯ ಕಾರಣ ಆಂಟಿಮನಿ. ಪಂಪುಗಳ ಸೀಲು, ಬೇರಿಂಗುಗಳಿಂದ ಸವೆದು ಬರುವ ಈ ಲೋಹ ಇಂಧನದ ಮೈಮೇಲೆ ಕುಳಿತು ವಿಕಿರಣಶೀಲವಾಗಿರುತ್ತದೆ. ಶುದ್ಧೀಕರಣದ ವೇಳೆ ಅಲ್ಲಿಂದ ಬಿಡುಗಡೆಯಾಗಿ, ಪದರ ಕಳಚಿಕೊಂಡು ಬರಿದಾದ ಉಕ್ಕಿನ ಮೇಲೆಯೇ ಹೋಗಿ ಕೂರುತ್ತದೆ. ಕೋಬಾಲ್ಟ್ ಇಳಿಯುತ್ತಿದ್ದರೂ ಕೆಲವು ಕೊಳವೆಗಳ ಬಳಿ ಮಾಪಕದ ಅಂಕಿ ಏರಬಹುದು. ಕಬ್ಬಿಣವನ್ನು ಹಿಡಿಯುವ ಕ್ಯಾಟಯಾನ್ ರೆಸಿನ್ ಆಂಟಿಮನಿಯ ವಿಷಯದಲ್ಲಿ ನೆಚ್ಚುವಂಥದ್ದಲ್ಲ. ಆಂಟಿಮನಿ-124ರ ಅರ್ಧಾಯು ಸುಮಾರು 60 ದಿನ ಮಾತ್ರ ಎಂಬ ಸಮಾಧಾನವನ್ನು ದುರಸ್ತಿ ತಂಡ ಒಪ್ಪುವುದಿಲ್ಲ, ಏಕೆಂದರೆ ಅವರು ಒಳಗೆ ಹೋಗಬೇಕಾದದ್ದು ಅದೇ ವಾರ.

ಹೀಗಾಗಿ ಪ್ರತಿ ಮಾದರಿಯಲ್ಲಿ ಕಬ್ಬಿಣವನ್ನು ಅದರೊಂದಿಗೆ ಸೇರಿ ಕೆಂಪಾಗುವ ಫಿನಾಂತ್ರೊಲಿನ್‌ನ ಬಣ್ಣದಿಂದಲೂ, ಕೋಬಾಲ್ಟ್ ಮತ್ತು ಆಂಟಿಮನಿಗಳನ್ನು ಗಾಮಾ ಸ್ಪೆಕ್ಟ್ರೋಮೀಟರಿನಿಂದಲೂ ಅಳೆದು, ಮೂರನ್ನೂ ಒಂದೇ ನಕ್ಷೆಯಲ್ಲಿ ಬರೆಯುವ ಪದ್ಧತಿಯನ್ನು ಇಟ್ಟುಕೊಂಡಿದ್ದೆ. ಕಬ್ಬಿಣದ ರೇಖೆ ಸಮತಲಕ್ಕೆ ಬರುವುದರೊಳಗೆ ಧನ, ಋಣ ಅಯಾನುಗಳೆರಡನ್ನೂ ಹಿಡಿಯುವ ಮಿಶ್ರ ರೆಸಿನ್ ಸ್ತಂಭವನ್ನು ಸಿದ್ಧವಾಗಿಟ್ಟು, ದ್ರಾವಣವನ್ನು ಅದರ ಮೂಲಕ ತಡಮಾಡದೆ ಹರಿಸಿ ಆಮ್ಲಗಳನ್ನೂ ಉಳಿದ ಲೋಹಗಳನ್ನೂ ಒಟ್ಟಿಗೆ ತೆಗೆದೆವು. ಬಳಿಕ ಲಿಥಿಯಂ ಸೇರಿಸಿ ಪಿಎಚ್ ಅನ್ನು 10ರ ಮೇಲಕ್ಕೆ ತಂದ ಮೇಲೂ ಮಾದರಿಗಳನ್ನು ತೆಗೆಯುವುದನ್ನು ನಿಲ್ಲಿಸಲಿಲ್ಲ. ಬರಿದಾದ ಉಕ್ಕಿನ ಮೇಲೆ ಹೊಸ ಪದರ ಬೆಳೆಯುವ ಆ ಮೊದಲ ದಿನಗಳಲ್ಲಿ ನೀರಿನಲ್ಲಿ ಉಳಿದಿರುವ ಕೋಬಾಲ್ಟ್ ಅದರೊಳಗೆ ಸುಲಭವಾಗಿ ಸೇರಿಕೊಳ್ಳುತ್ತದೆ.