ಮಳೆಗಾಲದಲ್ಲಿ ದ್ರವ ಸಾರಜನಕವನ್ನು ತುಂಬಿಸುವುದು, ಸಾಗಿಸುವುದು

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಮನೆಮನೆಗೆ ಹೋಗಿ ಆಕಳು, ಎಮ್ಮೆಗಳಿಗೆ ಕೃತಕ ಗರ್ಭಧಾರಣೆ ಮಾಡುವವರ ಬಳಿ ವೀರ್ಯದ ಸ್ಟ್ರಾಗಳನ್ನು (ವೀರ್ಯ ತುಂಬಿದ ಸಣ್ಣ ಕೊಳವೆಗಳನ್ನು) ಇರಿಸಿದ ಕಂಟೇನರ್ ಇದ್ದೇ ಇರುತ್ತದೆ. ಅದರೊಳಗಿನ ದ್ರವ ಸಾರಜನಕದ ಉಷ್ಣತೆ ಮೈನಸ್ 196 ಡಿಗ್ರಿ ಸೆಲ್ಸಿಯಸ್. ಇದು ಹೊತ್ತಿ ಉರಿಯುವುದಿಲ್ಲವಾದ್ದರಿಂದ ದಿನವೂ ಬಳಸುವವರಲ್ಲಿ ಒಂದು ಬಗೆಯ ಸಲಿಗೆ ಬೆಳೆಯುತ್ತದೆ. ಚರ್ಮ ಸುಡುವ ಶೈತ್ಯಕ್ಕೆ ಎಲ್ಲರೂ ಹೆದರುತ್ತಾರೆ. ಅದಕ್ಕಿಂತ ಹೆಚ್ಚು ಹೆದರಬೇಕಾದದ್ದು ಮುಚ್ಚಿದ ಕೋಣೆಗೆ.

ಒಂದು ಲೀಟರ್ ದ್ರವ ಆವಿಯಾದರೆ ಸುಮಾರು 700 ಲೀಟರ್ ಅನಿಲವಾಗಿ ಹಿಗ್ಗಿ, ಅಷ್ಟು ಗಾಳಿಯನ್ನು ಹೊರದೂಡುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಉಸಿರುಗಟ್ಟಿದ ಅನುಭವ ಬರುವುದು ದೇಹದಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಿದಾಗ. ಸಾರಜನಕವನ್ನು ಉಸಿರಾಡುವಾಗ ಆ ಡೈಆಕ್ಸೈಡ್ ಎಂದಿನಂತೆ ಹೊರಹೋಗುತ್ತಲೇ ಇರುವುದರಿಂದ ಮನುಷ್ಯ ಯಾವ ಮುನ್ಸೂಚನೆಯೂ ಇಲ್ಲದೆ ಕುಸಿಯಬಹುದು. ನಮ್ಮ ಕಡೆ ಜಡಿಮಳೆಗೆ ಕಿಟಕಿ, ಬಾಗಿಲು ಮುಚ್ಚಿಕೊಳ್ಳುವುದು ರೂಢಿ. ಹಾಗಾಗಿ ಎಷ್ಟೇ ಮಳೆಯಿದ್ದರೂ ತುಂಬಿಸುವ ಕೆಲಸವನ್ನು ದಾಸ್ತಾನು ಕೋಣೆಯಲ್ಲಿ ಮಾಡದೆ, ಇರಚಲು ಬಾರದ ತೆರೆದ ಜಗುಲಿಯಲ್ಲಿ ಮಾಡಬೇಕು.

ಖಾಲಿಯಾಗಿ ಬೆಚ್ಚಗಾದ ಕಂಟೇನರಿಗೆ ಮೊದಲು ಸ್ವಲ್ಪವೇ ಸುರಿದು, ಒಳಗಿನ ಕುದಿತ ಇಳಿದ ಮೇಲೆ ಉಳಿದದ್ದನ್ನು ಆಲಿಕೆಯಿಂದ ನಿಧಾನವಾಗಿ ತುಂಬಿಸಬೇಕು. ಮುಖಕ್ಕೆ ಕವಚ ಬೇಕು; ಕೈಗವಸು ಒಣಗಿರಬೇಕು, ಕೊಡವಿದರೆ ಬಿದ್ದುಹೋಗುವಷ್ಟು ಸಡಿಲವಿರಬೇಕು. ಪ್ಯಾಂಟಿನ ಅಂಚು ಬೂಟಿನ ಹೊರಗಿರಲಿ, ಏಕೆಂದರೆ ಬೂಟಿನೊಳಗೆ ಇಳಿದ ದ್ರವ ಅಲ್ಲೇ ನಿಂತು ಕಾಲನ್ನು ಸುಡುತ್ತದೆ. ಮಟ್ಟ ನೋಡಲು ಒಣ ಮರದ ಅಳತೆಪಟ್ಟಿಯನ್ನು ತಳದವರೆಗೆ ಇಳಿಸಿ, ಕೆಲವು ಕ್ಷಣ ಬಿಟ್ಟು ತೆಗೆದು ಗಾಳಿಯಲ್ಲಿ ಆಡಿಸಿದರೆ ದ್ರವ ಮುಟ್ಟಿದ ಎತ್ತರದವರೆಗೆ ಬಿಳಿಯ ಹಿಮ ಕಟ್ಟುತ್ತದೆ. ಟೊಳ್ಳು ಕೊಳವೆಯನ್ನು ಎಂದೂ ಇಳಿಸಬಾರದು. ದ್ರವ ಅದರೊಳಗಿಂದ ಮೇಲಕ್ಕೆ ಚಿಮ್ಮುತ್ತದೆ.

ಬಿರಡೆಯನ್ನು ಬಟ್ಟೆ ತುರುಕಿ ಬಿಗಿ ಮಾಡಿದರೆ ಆವಿಗೆ ದಾರಿಯಿಲ್ಲದೆ ಒತ್ತಡ ಏರುತ್ತದೆ. ಮಳೆಗಾಲದ ತೇವಕ್ಕೆ ಕತ್ತಿನಲ್ಲಿ ತಾನಾಗಿಯೇ ಮಂಜುಗಡ್ಡೆ ಕಟ್ಟಿ ಇದೇ ತೊಂದರೆ ಆಗಬಹುದಾದ್ದರಿಂದ ಅದನ್ನು ದಿನವೂ ನೋಡಿ ತೆಗೆಯಬೇಕು. ಹೊರಮೈಯಲ್ಲೇ ಹಿಮ ಕಂಡರೆ ಕಂಟೇನರಿನ ಎರಡು ಗೋಡೆಗಳ ನಡುವಿನ ನಿರ್ವಾತ ಕೆಟ್ಟಿದೆ ಎಂದರ್ಥ; ಸ್ಟ್ರಾಗಳನ್ನು ತಡಮಾಡದೆ ಬೇರೆ ಕಂಟೇನರಿಗೆ ವರ್ಗಾಯಿಸಬೇಕು.

ದೇವಿಮನೆ ಘಟ್ಟ ಇಳಿದು ಕುಮಟಾ ಕಡೆ ಸಾಗಿಸುವಾಗ ಕಂಟೇನರನ್ನು ನೇರವಾಗಿ ನಿಲ್ಲಿಸಿ, ತಿರುವುಗಳಲ್ಲಿ ವಾಲದಂತೆ ಬಿಗಿಯಾಗಿ ಕಟ್ಟಿ, ಪಿಕಪ್ಪಿನ ಹಿಂಭಾಗದಲ್ಲಿ ಒಯ್ಯುವುದೇ ಸರಿ. ಮೂರು ಲೀಟರ್ ಚೆಲ್ಲಿದರೂ ಸುಮಾರು 2,000 ಲೀಟರ್ ಅನಿಲವಾಗುತ್ತದೆ. ಗಾಜು ಏರಿಸಿದ ಕಾರಿಗೆ ಅದು ಅತಿಯಾಯಿತು.

ಚರ್ಮಕ್ಕೆ ತಗುಲಿದರೆ ಉಜ್ಜದೆ, ಬೆಂಕಿಗೆ ಹಿಡಿಯದೆ, ಸುಮಾರು 40 ಡಿಗ್ರಿಯ ಉಗುರುಬೆಚ್ಚಗಿನ ನೀರಿನಲ್ಲಿಟ್ಟು ವೈದ್ಯರಲ್ಲಿಗೆ ಹೋಗಬೇಕು. ಅಂಟಿದ ಬಟ್ಟೆಯನ್ನು ಕೀಳಬಾರದು. ಕೋಣೆಯೊಳಗೆ ಯಾರಾದರೂ ಬಿದ್ದಿದ್ದರೆ ಎತ್ತಲು ಒಳನುಗ್ಗಿದವರೂ ಅಲ್ಲೇ ಬೀಳುತ್ತಾರೆ. ಹೊರಗಿನಿಂದಲೇ ಬಾಗಿಲು, ಕಿಟಕಿಗಳನ್ನು ಪೂರ್ತಿ ತೆರೆದು, ನೆರೆಯವರನ್ನು ಕೂಗಿ, 108ಕ್ಕೆ ಕರೆ ಮಾಡಿ ಸಾರಜನಕ ಸೋರಿದೆಯೆಂದು ಮೊದಲೇ ಹೇಳಬೇಕು.