ಬೀಜಗಣಿತದ ಮೊದಲ ಪಾಠಗಳನ್ನು ತರಗತಿಯಲ್ಲಿ ಕಲಿಸುವ ಬಗೆ

ಕಪ್ಪುಹಲಗೆಯ ಮೇಲೆ ಚರಾಕ್ಷರವನ್ನು, ಅಂದರೆ ಸಂಖ್ಯೆಯ ಬದಲು ನಿಲ್ಲುವ ಅಕ್ಷರವನ್ನು, ಬರೆಯುವ ಮುನ್ನ ಶಿಕ್ಷಕರು 7 + 6 = □ + 4 ಎಂದು ಬರೆದು, ಖಾಲಿ ಚೌಕವನ್ನು ತುಂಬಲು ಹೇಳಿ ನೋಡಬೇಕು. ಸರಿಯುತ್ತರ 9 ಆದರೂ ಕೆಲವರು 13 ಎಂದೂ ಕೆಲವರು 17 ಎಂದೂ ಬರೆಯುವ ಸಾಧ್ಯತೆಯಿದೆ. ಅಂಕಗಣಿತವನ್ನು ಕಲಿಯುವಾಗ ಸಮ ಚಿಹ್ನೆಯನ್ನು ‘ಇನ್ನು ಉತ್ತರ ಬರೆ’ ಎಂಬ ಸೂಚನೆಯಂತೆ ಓದುತ್ತ ಬಂದಿರುವುದೇ ಇದಕ್ಕೆ ಕಾರಣ. 1557ರಲ್ಲಿ ವೇಲ್ಸ್‌ನ ಗಣಿತಜ್ಞ ರಾಬರ್ಟ್ ರೆಕಾರ್ಡ್ ಈ ಚಿಹ್ನೆಗಾಗಿ ಜೋಡಿ ಸಮಾಂತರ ರೇಖೆಗಳನ್ನು ಆರಿಸಿಕೊಂಡದ್ದು, ಅವುಗಳಿಗಿಂತ ಸಮವಾದ ಎರಡು ವಸ್ತುಗಳಿಲ್ಲವೆಂಬ ಕಾರಣಕ್ಕೆ. ಎರಡೂ ಕಡೆಯ ಬೆಲೆ ಒಂದೇ ಎಂಬ ಈ ಅರ್ಥ ನೆಲೆಗೊಳ್ಳುವವರೆಗೆ, 13 = 7 + 6 ಅಥವಾ 8 + 5 = 10 + 3 ಎಂಬಂತಹ ಹೇಳಿಕೆಗಳು ಸರಿಯೋ ತಪ್ಪೋ ಎಂದು ಪ್ರತಿ ತರಗತಿಯ ಆರಂಭದಲ್ಲಿ ಕೇಳುವುದು ಒಳ್ಳೆಯದು.

ಅಕ್ಷರದ ಪರಿಚಯಕ್ಕೆ ಸಂಖ್ಯಾ ವಿನ್ಯಾಸಗಳಷ್ಟು ಸಹಜವಾದ ದಾರಿ ಇನ್ನೊಂದಿಲ್ಲ. ಬೆಂಕಿಕಡ್ಡಿಗಳಿಂದ ಒಂದಕ್ಕೊಂದು ಅಂಟಿದ ಚೌಕಗಳ ಸಾಲನ್ನು ಜೋಡಿಸಿದರೆ 1, 2, 3 ಚೌಕಗಳಿಗೆ ಕ್ರಮವಾಗಿ 4, 7, 10 ಕಡ್ಡಿಗಳು ಬೇಕಾಗುತ್ತವೆ. 100 ಚೌಕಗಳಿಗೆ ಎಷ್ಟು ಎಂದು ಕೇಳಿದೊಡನೆ, ಎಣಿಸುವುದನ್ನು ಬಿಟ್ಟು ನಿಯಮವನ್ನು ಹುಡುಕಬೇಕಾಗುತ್ತದೆ. ಚೌಕಗಳ ಸಂಖ್ಯೆಯನ್ನು ‘ನ’ ಎಂದುಕೊಂಡರೆ, ಮೊದಲ ಕಡ್ಡಿಯನ್ನು ನಿಲ್ಲಿಸಿ ಪ್ರತಿ ಚೌಕಕ್ಕೂ ಮೂರು ಸೇರಿಸುವವರು 1 + 3ನ ಎಂದೂ, ಮೊದಲ ಚೌಕವನ್ನು ಪೂರ್ತಿಯಾಗಿ ಎಣಿಸಿಕೊಂಡು ಮುಂದುವರಿಯುವವರು 4 + 3(ನ − 1) ಎಂದೂ, ಅಡ್ಡ ಕಡ್ಡಿಗಳನ್ನು ಮತ್ತು ನಿಂತ ಕಡ್ಡಿಗಳನ್ನು ಬೇರ್ಪಡಿಸಿ ನೋಡುವವರು 2ನ + (ನ + 1) ಎಂದೂ ಬರೆಯುತ್ತಾರೆ. ಇಲ್ಲಿ ಶಿಕ್ಷಕರು ತೀರ್ಪು ಕೊಡಲು ಆತುರಪಡಬಾರದು. ಬೇರೆ ಬೇರೆಯಾಗಿ ಕಾಣುವ ಈ ಮೂರು ಬೀಜೋಕ್ತಿಗಳು (ಅಕ್ಷರ ಮತ್ತು ಸಂಖ್ಯೆಗಳಿಂದಾದ ಬರಹಗಳು) 100 ಚೌಕಗಳಿಗೆ 301 ಎಂಬ ಒಂದೇ ಉತ್ತರವನ್ನು ಏಕೆ ಕೊಡುತ್ತವೆ ಎಂದು ಮಕ್ಕಳೇ ಚರ್ಚಿಸಿದಾಗ, ಆವರಣ ಬಿಡಿಸುವುದಕ್ಕೂ ಸಜಾತಿ ಪದಗಳನ್ನು (3ನ, 2ನ ಎಂಬಂತೆ ಒಂದೇ ಅಕ್ಷರಭಾಗವುಳ್ಳವನ್ನು) ಕೂಡಿಸುವುದಕ್ಕೂ ಒಂದು ಉದ್ದೇಶ ಸಿಗುತ್ತದೆ. ‘ನ’ ಎಂದರೆ ಚೌಕವಲ್ಲ, ಚೌಕಗಳ ಸಂಖ್ಯೆ ಎಂಬುದನ್ನು ಮಾತ್ರ ಎಷ್ಟು ಸಲ ಹೇಳಿದರೂ ಹೆಚ್ಚಾಗದು.

ಸಮೀಕರಣಗಳಿಗೆ ಬಂದಾಗ ಪಕ್ಷಾಂತರದ ನಿಯಮವನ್ನು, ಅಂದರೆ ಪದವನ್ನು ಚಿಹ್ನೆ ಬದಲಿಸಿ ಸಮ ಚಿಹ್ನೆಯ ಇನ್ನೊಂದು ಕಡೆಗೆ ಒಯ್ಯುವುದನ್ನು, ತಡವಾಗಿ ಹೇಳುವುದು ಲೇಸು. 3ಕ + 5 = 20 ಎಂಬಲ್ಲಿ ಎರಡೂ ಕಡೆಯಿಂದ 5 ಕಳೆದು, ಬಳಿಕ ಎರಡೂ ಕಡೆಯನ್ನು 3ರಿಂದ ಭಾಗಿಸುವ ಹಂತಗಳನ್ನು ಪೂರ್ತಿಯಾಗಿ ಬರೆಸಿದರೆ, ಚಿಹ್ನೆ ಬದಲಾಗುವುದೇಕೆ ಎಂಬುದು ತಾನಾಗಿ ತಿಳಿಯುತ್ತದೆ. ತಕ್ಕಡಿಯ ಹೋಲಿಕೆ ಆರಂಭಕ್ಕೆ ಉಪಯುಕ್ತವಾದರೂ ಕ + 7 = 3 ಎಂಬಲ್ಲಿ ಅದು ಕೈಕೊಡುತ್ತದೆ, ಏಕೆಂದರೆ ಋಣ ತೂಕದ ಬಟ್ಟು ಇರುವುದಿಲ್ಲ.

(ಅ + 3)² ಎಂಬುದನ್ನು ಅ² + 9 ಎಂದು ಬರೆಯುವ ತಪ್ಪನ್ನು ಸೂತ್ರದ ಬಾಯಿಪಾಠದಿಂದ ತಿದ್ದಲಾಗದು. ಅ + 3 ಬಾಹುವಿನ ಚೌಕವನ್ನು ಬರೆಸಿ ನಾಲ್ಕು ಭಾಗಗಳಾಗಿ ವಿಂಗಡಿಸಿದರೆ, ಬಿಟ್ಟುಹೋದ ಎರಡು 3ಅ ಆಯತಗಳು ಕಣ್ಣಿಗೆ ಬೀಳುತ್ತವೆ. ಬೆಲೆ ಆದೇಶಿಸಿ, ಅಂದರೆ ‘ಅ’ದ ಜಾಗದಲ್ಲಿ ಒಂದು ಸಂಖ್ಯೆಯನ್ನಿಟ್ಟು, ತಾಳೆ ನೋಡುವಾಗ 1ನ್ನು ಆರಿಸಿದರೆ 16 ಮತ್ತು 10 ಬಂದು ತಪ್ಪು ಬಯಲಾಗುತ್ತದೆ. 0ಯನ್ನು ಆರಿಸಿದರೆ ಎರಡೂ ಕಡೆ 9 ಬಂದು ತಪ್ಪೇ ಸರಿಯೆಂದು ತೋರುತ್ತದೆ. ಇದೇಕೆ ಹೀಗೆ ಎಂದು ತರಗತಿಯನ್ನೇ ಕೇಳಿದರೆ, ಬಿಟ್ಟುಹೋದ ಆ ಎರಡು ಆಯತಗಳ ಮೊತ್ತ 6ಅ = 0 ಆಗುವುದು ಯಾವಾಗ ಎಂಬ ಮುಂದಿನ ಪ್ರಶ್ನೆ ಅಲ್ಲಿಯೇ ಹುಟ್ಟುತ್ತದೆ.