ಗೋದಾಮಿನ ಹಿಂಗೋಡೆಯ ಕತ್ತಲೆ

ತೀರ್ಥಹಳ್ಳಿಯ ಹತ್ತಿರ ನಮ್ಮದೊಂದು ಅಡಿಕೆ ಗೋದಾಮು ಇದೆ. ಬೇಯಿಸಿ ಒಣಗಿಸಿದ ರಾಶಿ ಅಡಿಕೆ ಮಂಡಿಗೆ ಹೋಗುವವರೆಗೂ ಅಲ್ಲಿಯೇ ಇರುತ್ತದೆ. ಎರಡು ವರ್ಷದ ಹಿಂದೆ, ಕೊಯ್ಲಿನ ಸಮಯದ ಒಂದು ರಾತ್ರಿ, ಹಿಂದಿನ ಕಿಟಕಿಯಿಂದ ಮೂರು ಚೀಲ ಹೋದವು. ಗೇಟಿನ ಮೇಲೆ 400 ವಾಟಿನ ದೀಪ ಬೆಳಗಿನವರೆಗೂ ಉರಿದಿತ್ತು. ಕಾವಲಿನವರು ಎಚ್ಚರವಾಗಿಯೇ ಇದ್ದರು.

"ನೀವೇ ಇಲ್ಲಿ ಕೂತು ನೋಡಿ ಸಾಹುಕಾರರೇ" ಎಂದರು ಅವರು. ಮರುದಿನ ರಾತ್ರಿ ಅವರ ಜಾಗದಲ್ಲಿ ಕುಳಿತೆ. ದೀಪ ನೇರ ಕಣ್ಣಿಗೆ ಹೊಡೆಯುತ್ತಿತ್ತು. ಅದರಾಚೆ ಬರೀ ಕಪ್ಪು. ಅಂಗೈಯನ್ನು ಹುಬ್ಬಿಗೆ ಅಡ್ಡ ಹಿಡಿದೆ. ಆಗ ಅಂಗಳದ ಮೂಲೆ, ಪೇರಿಸಿದ ಸೌದೆ, ಕಿಟಕಿಯ ಚೌಕಟ್ಟು ಒಂದೊಂದಾಗಿ ಕಂಡವು. ಕೈ ಅಡ್ಡ ಹಿಡಿದರೆ ಹೆಚ್ಚು ಕಾಣುತ್ತದೆ ಎಂದಾದರೆ ಆ ದೀಪ ಕಾಯುತ್ತಿಲ್ಲ, ಕಣ್ಣು ಕಟ್ಟುತ್ತಿದೆ. ನನ್ನ ಮೂರು ಚೀಲ ಹೋದದ್ದು ಕತ್ತಲೆಯಿಂದಲ್ಲ, ಆ ದೀಪದಿಂದ ಎಂದೇ ಈಗಲೂ ನಂಬಿದ್ದೇನೆ.

ಅದನ್ನು ಇಳಿಸಿ, 30 ವಾಟಿನ ನಾಲ್ಕು ಎಲ್‌ಇಡಿ ದೀಪಗಳನ್ನು ಸೂರಿನಡಿ, ಮುಖ ಕೆಳಗೆ ಮಾಡಿ ಹಾಕಿಸಿದೆ. ಒಂದರ ಬೆಳಕು ಮುಗಿಯುವ ಮೊದಲೇ ಇನ್ನೊಂದರದು ಶುರುವಾಗಬೇಕು, ಅಷ್ಟೇ ಲೆಕ್ಕ. ನಮ್ಮ ಮಳೆಗೆ ಐಪಿ 65 (ದೂಳು, ನೀರಿನ ಎರಚಲು ಒಳಗೆ ಹೋಗದ) ದರ್ಜೆಗಿಂತ ಕಡಿಮೆಯದನ್ನು ಮುಟ್ಟಲೇಬಾರದು. ಗೋಡೆ ಒದ್ದೆಯಾಗುವ ಊರಿನಲ್ಲಿ 30 ಮಿಲಿ ಆಂಪಿಯರ್ ಕರೆಂಟು ಸೋರಿದರೂ ತಾನೇ ಸಂಪರ್ಕ ಕಡಿಯುವ ಸುರಕ್ಷಾ ಸ್ವಿಚ್ಚು, ಅಂದರೆ ಆರ್‌ಸಿಸಿಬಿ, ಇಲ್ಲದೆ ಹೊರಗಿನ ವೈರಿಂಗ್ ಮಾಡಿಸಬಾರದು. ರಾತ್ರಿ ಹನ್ನೆರಡು ತಾಸು ಉರಿಸಿದರೆ ಹಳೆಯ ದೀಪಕ್ಕೆ 4.8 ಯೂನಿಟ್ ಆಗುತ್ತಿತ್ತು, ಈಗ ನಾಲ್ಕಕ್ಕೂ ಸೇರಿ 1.44. ಹಾಗಾಗಿ ಕರೆಂಟು ಹೋದಾಗ ಇನ್‌ವರ್ಟರ್ ಕೂಡ ಇವನ್ನು ಎಳೆಯುತ್ತದೆ.

ತಪ್ಪುಗಳೂ ಆದವು. ಕತ್ತಲಾದಾಗ ತಾನೇ ಹೊತ್ತುವ ಸೆನ್ಸರನ್ನು ದೀಪದ ಎದುರಿಗೇ ಕೂರಿಸಿದ್ದೆವು. ದೀಪ ಹೊತ್ತಿದೊಡನೆ ಅದಕ್ಕೆ ಹಗಲಾಗಿ ಆರಿಸುತ್ತಿತ್ತು, ಮತ್ತೆ ಹೊತ್ತಿಸುತ್ತಿತ್ತು. ಹಿಂಬದಿಯಲ್ಲಿ ಚಲನೆ ಗುರುತಿಸುವ ಇನ್ನೊಂದು ಸೆನ್ಸರನ್ನು ಕಾಲುದಾರಿಗೆ ಎದುರಾಗಿ ಇಟ್ಟಿದ್ದೆವು. ಮನುಷ್ಯ ತೀರ ಹತ್ತಿರ ಬರುವವರೆಗೂ ಅದಕ್ಕೆ ಗೊತ್ತೇ ಆಗುತ್ತಿರಲಿಲ್ಲ. ಮೈಯ ಶಾಖ ತನ್ನ ಮುಂದೆ ಅಡ್ಡ ಹಾದುಹೋದಾಗ ಅದು ಚೆನ್ನಾಗಿ ಹಿಡಿಯುತ್ತದೆ. ಪಕ್ಕದ ಗೋಡೆಗೆ ಸರಿಸಿದ ಮೇಲೆ ಸರಿಹೋಯಿತು. ಕ್ಯಾಮರಾದ ಪಕ್ಕದಲ್ಲೇ ದೀಪವಿದ್ದರೆ ಮಳೆಹುಳುಗಳು ಮುತ್ತಿ, ಅವುಗಳ ಹಿಂದೆ ಜೇಡ ಬಂದು ಬಲೆ ಕಟ್ಟುತ್ತದೆ. ಆರು ಅಡಿ ದೂರ ಮಾಡಿದೆ.

ಎಲ್ಲ ಮುಗಿದ ರಾತ್ರಿ ಭಾವ ಹೆಗಲಿಗೆ ಗೋಣಿಚೀಲ ಹಾಕಿಕೊಂಡು ಗೋಡೆಯ ಸುತ್ತ ನಡೆದರು. ನಾನು ಕಾವಲಿನವರ ಜೊತೆ ಕುಳಿತು, ಮುಖ ಗುರುತು ಸಿಗದ ಕಡೆಯಲ್ಲೆಲ್ಲ ನಿಲ್ಲಿಸಿ ನೆಲಕ್ಕೆ ಸೀಮೆಸುಣ್ಣದ ಗೆರೆ ಹಾಕಿಸಿದೆ. ಐದು ಗೆರೆ ಬಿದ್ದವು. ಸೌದೆ ಸರಿಸಿದ್ದರಿಂದ ಎರಡು, ದೀಪ ಸ್ವಲ್ಪ ತಿರುಗಿಸಿದ್ದರಿಂದ ಇನ್ನೆರಡು ಹೋದವು. ಲಾರಿ ನಿಂತ ದಿನ ಪೂರ್ವದ ಮೂಲೆಗೆ ಮಾತ್ರ ಇನ್ನೂ ನೆರಳು ಬೀಳುತ್ತದೆ. ಅಲ್ಲಿ ಕಂಬಕ್ಕೆ ಗುಂಡಿ ತೋಡಿಸಿದ್ದೇನೆ. ಈ ಕೊಯ್ಲಿಗೆ ಮೊದಲು ಐದನೆಯ ದೀಪ ಏರಬೇಕು.